ತೊಗಲಿನೊಳಗಿನ ಮೂರೆಳೆ ಹಗ್ಗ: ಜಿ.ಎನ್. ರಾಮಚಂದ್ರನ್ ಬಾಳು

ದಿಂಡಿಗಲ್ಲು ಅಂದ ಕೂಡಲೆ ನಮ್ಮ ಕಡೆ ಜನಕ್ಕೆ ನೆನಪಿಗೆ ಬರೋದು ಮೂರು: ಬೀಗ, ಹೊಗೆಸೊಪ್ಪು, ತೊಗಲು. ಕುರಿ, ಮೇಕೆ, ದನಗಳ ಚರ್ಮ ಅಲ್ಲಿನ ಟ್ಯಾನರಿಗಳಿಗೆ ಹೋಗಿ, ಸುಣ್ಣದ ತೊಟ್ಟಿಯಲ್ಲಿ ಕೂದಲು ಕಳಕೊಂಡು, ಹದವಾಗಿ ದೇಶಾಂತರ ಹೋಗೋದು ಬಹುಕಾಲದಿಂದ ನಡೆದುಬಂದ ವ್ಯಾಪಾರ. ಕನ್ನಡದಲ್ಲಿ ತೊಗಲು, ತೆಲುಗಿನಲ್ಲಿ ತೋಲು, ತಮಿಳಿನಲ್ಲಿ ತೋಲ್. ಮೂರಕ್ಕೂ ಬೇರು ಒಂದೇ. ಮನೆಯೊಳಗೆ ಕನ್ನಡ, ಪಕ್ಕದ ಬೀದಿಯಲ್ಲಿ ತೆಲುಗು, ಸಂತೆಯಲ್ಲಿ ತಮಿಳು ಆಡಿಕೊಂಡು ಬದುಕುವ ತೇನಿ, ಬೋಡಿ, ಕಂಬಂ ಕಣಿವೆಯ ಜನಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆ ತೊಗಲಿಗೆ ಗಟ್ಟಿತನ ಎಲ್ಲಿಂದ ಬಂತು? ಎಳೆದರೆ ಹರಿಯದು, ಮಡಚಿದರೆ ಮುರಿಯದು, ಹದ ಮಾಡಿದರೆ ನೂರು ವರ್ಷ ಇರುತ್ತದೆ. ಅದರೊಳಗಿನ ನೂಲು ಎಂಥದು? ಇದನ್ನು ಜಗತ್ತಿಗೆ ಮೊದಲು ಸರಿಯಾಗಿ ಬಿಡಿಸಿ ತೋರಿಸಿದವರು ಇಂಗ್ಲೆಂಡಿನವರೂ ಅಲ್ಲ, ಅಮೆರಿಕದವರೂ ಅಲ್ಲ. ಬೆಂಗಳೂರಿನಲ್ಲಿ ಕಲಿತು, ಮದರಾಸಿನಲ್ಲಿ ದುಡಿದು, ಮತ್ತೆ ಬೆಂಗಳೂರಿಗೆ ಬಂದು ಸೇರಿದ ಜಿ.ಎನ್. ರಾಮಚಂದ್ರನ್. ಅವರು ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಯಿತು. ಅವರ ಹೆಸರಿನ ನಕ್ಷೆ ಮಾತ್ರ ಇವತ್ತೂ ಲೋಕದ ಎಲ್ಲ ದೊಡ್ಡ ಪ್ರಯೋಗಶಾಲೆಗಳಲ್ಲಿ ದಿನಬಳಕೆಯ ವಸ್ತು.

ಗಣಿತದ ಮೇಷ್ಟ್ರ ಮಗ

ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಳಂನಲ್ಲಿ. ಮನೆತನದ ಊರು ತಿರುನೆಲ್ವೇಲಿ ಸೀಮೆಯ ಗೋಪಾಲಸಮುದ್ರ. ಹೆಸರಿನ ಮುಂದಿನ ‘ಜಿ’ ಆ ಊರಿನದು. ತಂದೆ ನಾರಾಯಣ ಅಯ್ಯರ್ ಎರ್ನಾಕುಳಂನ ಮಹಾರಾಜಾ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದರು, ಮುಂದೆ ಅಲ್ಲೇ ಪ್ರಿನ್ಸಿಪಾಲರಾದರು. ತಾಯಿ ಲಕ್ಷ್ಮಿ ಅಮ್ಮಾಳ್. ಮನೆಯಲ್ಲೇ ಗಣಿತದ ಗಾಳಿ ಇದ್ದ ಕಾರಣ ಹುಡುಗನಿಗೆ ಲೆಕ್ಕ ಅನ್ನೋದು ಭಯದ ವಸ್ತು ಆಗಲೇ ಇಲ್ಲ.

ತಿರುಚ್ಚಿಯ ಸೇಂಟ್ ಜೋಸೆಫ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಮುಗಿಸಿ, 1942ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದರೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ಗೆ ಬಂದರು. ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗಕ್ಕೆ. ಆ ಕಾಲದಲ್ಲಿ ಅಲ್ಲಿ ಭೌತಶಾಸ್ತ್ರ ನೋಡಿಕೊಳ್ಳುತ್ತಿದ್ದವರು ಸರ್ ಸಿ.ವಿ. ರಾಮನ್. ಈ ಹುಡುಗನ ಬುದ್ಧಿ ಅವರ ಕಣ್ಣಿಗೆ ಬಿತ್ತು. ಇಂಥವನು ವಿದ್ಯುತ್ ವಿಭಾಗದಲ್ಲಿ ಇರತಕ್ಕವನಲ್ಲ ಎಂದು ಅಲ್ಲಿನ ಮುಖ್ಯಸ್ಥರಿಗೆ ಹೇಳಿ ತಮ್ಮ ವಿಭಾಗಕ್ಕೆ ಎಳಕೊಂಡರು ಅನ್ನೋ ಕತೆ ಇವತ್ತೂ ಆ ಸಂಸ್ಥೆಯಲ್ಲಿ ಹೇಳುತ್ತಾರೆ. ಒಳ್ಳೆ ಕರು ಯಾರ ಕೊಟ್ಟಿಗೆಯಲ್ಲಿದ್ದರೂ ದನದ ಲಕ್ಷಣ ಬಲ್ಲವನ ಕಣ್ಣು ತಪ್ಪಿಸೋದು ಕಷ್ಟ.

ರಾಮನ್ ಕೈಕೆಳಗೆ ಹರಳುಗಳ ಮೇಲೆ ಕೆಲಸ ಮಾಡಿ, 1947ರಲ್ಲಿ ಮದರಾಸು ವಿಶ್ವವಿದ್ಯಾಲಯದಿಂದ ಡಿ.ಎಸ್‌ಸಿ. ಪದವಿ ಪಡೆದರು. ಅದೇ ವರ್ಷ ಇಂಗ್ಲೆಂಡಿನ ಕೇಂಬ್ರಿಜ್‌ಗೆ ಹೋಗಿ ವೂಸ್ಟರ್ ಎಂಬುವರ ಹತ್ತಿರ ಎಕ್ಸ್‌ರೇ ವಿದ್ಯೆ ಕಲಿತು, ಎರಡೇ ವರ್ಷದಲ್ಲಿ ಇನ್ನೊಂದು ಡಾಕ್ಟರೇಟ್ ತೆಗೆದುಕೊಂಡು 1949ರಲ್ಲಿ ಬೆಂಗಳೂರಿಗೆ ವಾಪಸು ಬಂದರು.

ಇಪ್ಪತ್ತು ಬಗೆ ಹೂವಿನ ಮಾಲೆ

ಇಲ್ಲಿ ಸ್ವಲ್ಪ ನಿಂತು, ಅದೇ ಹೊತ್ತಿನಲ್ಲಿ ಅದೇ ಕೇಂಬ್ರಿಜ್ ಊರಿನಲ್ಲಿ ಇನ್ನೊಬ್ಬರು ಮಾಡುತ್ತಿದ್ದ ಕೆಲಸ ನೋಡಬೇಕು. ಅದು ತಿಳಿಯದೆ ರಾಮಚಂದ್ರನ್ ಸಾಹಸ ಎಷ್ಟು ದೊಡ್ಡದು ಅಂತ ಗೊತ್ತಾಗೋಲ್ಲ.

ನಮ್ಮ ಮಾಂಸಖಂಡ, ತೊಗಲು, ಕೂದಲು, ಹಾಲಿನ ಗಟ್ಟಿ, ಬೇಳೆಯ ಸತ್ವ, ಎಲ್ಲಾ ಪ್ರೋಟೀನು. ಒಂದೊಂದು ಪ್ರೋಟೀನೂ ಒಂದು ಮಾಲೆ. ನಿಲಕ್ಕೋಟೈ ಹೂವಿನ ಮಂಡಿಯಲ್ಲಿ ಕಟ್ಟುವ ಮಾಲೆ ನೆನಪು ಮಾಡಿಕೊಳ್ಳಿ. ಈ ಮಾಲೆಯಲ್ಲಿ ಬರುವ ಹೂವು ಇಪ್ಪತ್ತು ಬಗೆ. ಆ ಹೂವುಗಳಿಗೆ ಅಮೈನೋ ಆಮ್ಲ ಅಂತ ಹೆಸರು. ಮಲ್ಲಿಗೆ ಎಷ್ಟು, ಕನಕಾಂಬರ ಎಷ್ಟು, ಮರುಗ ಎಷ್ಟು ಅಂತ ಮಾಲೆ ಉದುರಿಸಿ ಎಣಿಸೋದು ಸುಲಭ. ಯಾವ ಹೂವಿನ ಪಕ್ಕ ಯಾವ ಹೂವಿತ್ತು ಅನ್ನೋದು ಉದುರಿಸಿದ ಮೇಲೆ ಹೇಗೆ ಗೊತ್ತಾಗಬೇಕು? ಅಂಥ ಖಚಿತವಾದ ವರಸೆ ಇದೆಯೋ ಇಲ್ಲವೋ ಅನ್ನೋದರಲ್ಲೇ ಆಗ ಎಷ್ಟೋ ಪಂಡಿತರಿಗೆ ಅನುಮಾನ.

ಫ್ರೆಡರಿಕ್ ಸ್ಯಾಂಗರ್ ಎಂಬುವರು ಸಕ್ಕರೆ ಕಾಯಿಲೆಯ ಮದ್ದಾದ ಇನ್ಸುಲಿನ್ನನ್ನು ಹಿಡಿದು ಕುಳಿತರು. ಮಾಲೆಯ ಒಂದು ತುದಿಯ ಹೂವಿಗೆ ಮಾತ್ರ ಹತ್ತಿಕೊಳ್ಳುವ ಒಂದು ರಾಸಾಯನಿಕ ಬಳಿದರು. ಆಮೇಲೆ ಮಾಲೆ ಉದುರಿಸಿದರೆ ಹಳದಿಯಾದದ್ದೇ ತುದಿಯ ಹೂವು. ಹಾಗೇ ಮಾಲೆಯನ್ನು ಚೂರುಚೂರು ಮಾಡಿ, ಪ್ರತಿ ಚೂರಿನ ತುದಿ ನೋಡಿದರು. ಒಂದು ಚೂರಿನ ಬಾಲ ಇನ್ನೊಂದು ಚೂರಿನ ತಲೆಗೆ ಹೊಂದುತ್ತಾ ಹೋದಾಗ ಇಡೀ ಮಾಲೆಯ ವರಸೆ ಬಂತು. ಹರಿದ ದಸ್ತಾವೇಜಿನ ಚೂರುಗಳನ್ನು ಅಕ್ಷರಕ್ಕೆ ಅಕ್ಷರ ಹೊಂದಿಸುವ ಹಾಗೆ. ಇನ್ಸುಲಿನ್‌ನಲ್ಲಿ ಎರಡು ಮಾಲೆ, ಒಂದರಲ್ಲಿ 30 ಹೂವು, ಇನ್ನೊಂದರಲ್ಲಿ 21. ಒಟ್ಟು 51. ಇಷ್ಟಕ್ಕೆ ಸುಮಾರು ಹತ್ತು ವರ್ಷ ಹಿಡಿಯಿತು. 1955ಕ್ಕೆ ಕೆಲಸ ಪೂರ್ಣವಾಗಿ, 1958ರಲ್ಲಿ ಅವರಿಗೆ ನೊಬೆಲ್ ಬಂತು.

ಸ್ವೀಡನ್ನಿನ ಪೇರ್ ಎಡ್ಮನ್ 1950ರಲ್ಲಿ ಇನ್ನೂ ಸಲೀಸಾದ ಉಪಾಯ ತಂದರು. ಮಾಲೆಯ ತುದಿಯಿಂದ ಒಂದೇ ಒಂದು ಹೂ ಕಿತ್ತು ಗುರುತಿಸೋದು, ಉಳಿದ ಮಾಲೆ ಹಾಗೇ ಇರುತ್ತದೆ. ಆಮೇಲೆ ಮುಂದಿನ ಹೂವು. 1967ರ ಹೊತ್ತಿಗೆ ಈ ಕೆಲಸವನ್ನು ತಾನೇ ಮಾಡುವ ಯಂತ್ರವನ್ನೂ ಅವರು ಕಟ್ಟಿದರು.

ಇದರ ಮಹಿಮೆ ಏನು ಅಂದರೆ, ವರಸೆಯಲ್ಲಿ ಒಂದು ಹೂ ಬದಲಾದರೂ ಬಾಳು ಬದಲಾಗುತ್ತದೆ. ನೀಲಗಿರಿ, ವಯನಾಡು ಬೆಟ್ಟದ ಆದಿವಾಸಿ ಜನರಲ್ಲಿ ಕಾಣುವ ಕುಡುಗೋಲು ರಕ್ತಕಣದ ಕಾಯಿಲೆಗೆ ಕಾರಣ ರಕ್ತದ ಒಂದು ಮಾಲೆಯ ಆರನೇ ಜಾಗದಲ್ಲಿ ಒಂದು ಹೂವಿಗೆ ಬದಲು ಇನ್ನೊಂದು ಕೂತಿರೋದು, ಅಷ್ಟೆ.

ಮದರಾಸಿನಲ್ಲಿ ಸಿಕ್ಕ ತೊಗಲು

1952ರಲ್ಲಿ ಮದರಾಸು ವಿಶ್ವವಿದ್ಯಾಲಯದ ಉಪಕುಲಪತಿ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಹೊಸದಾಗಿ ಭೌತಶಾಸ್ತ್ರ ವಿಭಾಗ ಕಟ್ಟಲು ಮೊದಲು ರಾಮನ್ ಅವರನ್ನೇ ಕೇಳಿದರು. ರಾಮನ್ ತಾವು ಬರದೆ ಶಿಷ್ಯನ ಹೆಸರು ಹೇಳಿದರು. ಹೀಗೆ ಇನ್ನೂ ಮೂವತ್ತು ತುಂಬದ ರಾಮಚಂದ್ರನ್ ಪ್ರೊಫೆಸರ್ ಆಗಿ, ವಿಭಾಗದ ಮುಖ್ಯಸ್ಥರೂ ಆಗಿ ಮದರಾಸಿಗೆ ಹೋದರು.

ಏನು ಹಿಡಿಯಬೇಕು ಅಂತ ಯೋಚಿಸುತ್ತಿದ್ದಾಗ ಇಂಗ್ಲೆಂಡಿನ ಹೆಸರಾಂತ ವಿಜ್ಞಾನಿ ಬರ್ನಾಲ್ ಅಲ್ಲಿಗೆ ಬಂದರು. ಕೊಲಾಜೆನ್ ಎಂಬ ಪ್ರೋಟೀನಿನ ಕಟ್ಟು ಇನ್ನೂ ಯಾರಿಗೂ ಸರಿಯಾಗಿ ಸಿಕ್ಕಿಲ್ಲ ಅನ್ನೋ ಮಾತು ಅವರಿಂದ ಬಂತು. ಕೊಲಾಜೆನ್ ಅಂದರೆ ತೊಗಲು, ಮೂಳೆ, ಸ್ನಾಯುವಿನ ಹುರಿ, ವಸಡು, ಇವೆಲ್ಲವನ್ನು ಬಿಗಿಯಾಗಿ ಹಿಡಿದಿರುವ ನಾರು. ನಮ್ಮ ಮೈಯಲ್ಲಿ ಎಲ್ಲಕ್ಕಿಂತ ಹೆಚ್ಚಿರುವ ಪ್ರೋಟೀನೂ ಇದೇ. ದಿಂಡಿಗಲ್ಲಿನ ಟ್ಯಾನರಿಯಲ್ಲಿ ಹದ ಮಾಡೋದು ಇದನ್ನೇ. ಹಿಂದೆ ಬಡಗಿಗಳು ಕುದಿಸಿ ಹಚ್ಚುತ್ತಿದ್ದ ಮರವಜ್ರ ಈ ನಾರೇ ಬೆಂದು ಬಿಚ್ಚಿಕೊಂಡ ಅಂಟು.

ಕೆಲಸಕ್ಕೆ ಒಳ್ಳೆ ನಾರು ಬೇಕಲ್ಲ? ಪಕ್ಕದಲ್ಲೇ, ಅಡೆಯಾರಿನಲ್ಲಿ, ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆ ಇತ್ತು. 1948ರಲ್ಲಿ ಶುರುವಾದದ್ದು. ಗುಂಟೂರು ಸೀಮೆಯ ರೈತ ಕುಟುಂಬದ ಯಲವರ್ತಿ ನಾಯುಡಮ್ಮ ಮುಂದೆ ಇದೇ ಸಂಸ್ಥೆಯ ನಿರ್ದೇಶಕರಾಗಿ, ಹಳ್ಳಿಯ ಚರ್ಮಕಾರನಿಂದ ಹಿಡಿದು ದೊಡ್ಡ ಕಾರ್ಖಾನೆಯವರೆಗೆ ವಿಜ್ಞಾನ ಮುಟ್ಟಿಸಿದರು. ಅವರೂ 1922ರಲ್ಲೇ ಹುಟ್ಟಿದವರು, 1985ರ ಕನಿಷ್ಕ ವಿಮಾನ ಸ್ಫೋಟದಲ್ಲಿ ತೀರಿಕೊಂಡರು. ಆ ಚರ್ಮ ಸಂಸ್ಥೆಯಿಂದ ರಾಮಚಂದ್ರನ್‌ಗೆ ಕೊಲಾಜೆನ್ ಮಾದರಿ ಸಿಕ್ಕಿತು. ಕಾಂಗರೂ ಬಾಲದ ಹುರಿಯಿಂದ ತೆಗೆದ ನಾರಿನ ಎಕ್ಸ್‌ರೇ ಚಿತ್ರ ಎಲ್ಲಕ್ಕಿಂತ ಚೊಕ್ಕಟವಾಗಿ ಬಂತು.

ಎಣಿಕೆಯಿಂದ ವರಸೆ

ಆಗ ಕೊಲಾಜೆನ್‌ನ ಹೂವಿನ ವರಸೆ ಯಾರಿಗೂ ಗೊತ್ತಿರಲಿಲ್ಲ. ಸ್ಯಾಂಗರ್ 51 ಹೂವಿಗೆ ಹತ್ತು ವರ್ಷ ತೆಗೆದುಕೊಂಡಿದ್ದರೆ, ಕೊಲಾಜೆನ್‌ನ ಒಂದೊಂದು ಎಳೆಯಲ್ಲಿ ಸಾವಿರಕ್ಕೂ ಮೇಲೆ. ರಾಮಚಂದ್ರನ್ ಮತ್ತು ಅವರ ಜೊತೆಗಾರ ಗೋಪಿನಾಥ್ ಕರ್ತಾ ಕೈಯಲ್ಲಿದ್ದದ್ದು ಬರೀ ಎಣಿಕೆ. ಉದುರಿಸಿದ ಹೂವುಗಳಲ್ಲಿ ಮೂರರಲ್ಲಿ ಒಂದು ಪಾಲು ಗ್ಲೈಸಿನ್. ಇದು ಇಪ್ಪತ್ತರಲ್ಲೇ ಅತಿ ಚಿಕ್ಕದು. ಉಳಿದದ್ದರಲ್ಲಿ ಪ್ರೋಲಿನ್, ಹೈಡ್ರಾಕ್ಸಿಪ್ರೋಲಿನ್ ಎಂಬ ಬಿಗಿಯಾದ ಎರಡು ಬಗೆ ಬಹಳ.

ಅವರು ಹಾಕಿದ ಲೆಕ್ಕ ಹೀಗೆ. ಮೂರರಲ್ಲಿ ಒಂದು ಗ್ಲೈಸಿನ್ ಇದೆ ಅಂದರೆ ಅದು ಹೇಗೆಂದರೆ ಹಾಗೆ ಚೆಲ್ಲಿಕೊಂಡಿಲ್ಲ, ಸರಿಯಾಗಿ ಪ್ರತಿ ಮೂರನೇ ಜಾಗದಲ್ಲೇ ಕೂತಿರಬೇಕು. ಯಾಕೆ? ಎಳೆ ಒಂದಲ್ಲ, ಮೂರು. ಮೂರು ಎಳೆ ಒಂದಕ್ಕೊಂದು ಆತುಕೊಂಡಾಗ ನಡುವೆ ಉಳಿಯುವ ಸಂದಿಯಲ್ಲಿ ಚಿಕ್ಕ ಹೂವಿಗೆ ಮಾತ್ರ ಜಾಗ. ದಪ್ಪದ್ದು ಅಲ್ಲಿ ಹಿಡಿಸೋಲ್ಲ.

ಛಂದಸ್ಸು ಬಲ್ಲವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಕನ್ನಡಕ್ಕೂ ತೆಲುಗಿಗೂ ಗಣಗಳು ಒಂದೇ. ಗ್ಲೈಸಿನ್ ಒಂದು ಲಘು, ಅದರ ಹಿಂದೆ ಎರಡು ಗುರು, ಮತ್ತೆ ಲಘು, ಮತ್ತೆ ಎರಡು ಗುರು. ಅಂದರೆ ಯಗಣದ ಮೇಲೆ ಯಗಣ. ನಾಲ್ಕು ಯಗಣ ಸೇರಿದರೆ ಭುಜಂಗಪ್ರಯಾತ, ಹಾವಿನ ನಡೆ. ಕೊಲಾಜೆನ್ ಎಳೆಯೂ ಹಾವಿನಂತೆ ಸುತ್ತಿಕೊಂಡೇ ಹೋಗುತ್ತದೆ. ಸಾವಿರ ಅಕ್ಷರದ ಸಾಲಿನಲ್ಲಿ ಎಲ್ಲಿಯೂ ಗಣ ತಪ್ಪೋಲ್ಲ.

1954ರ ಆಗಸ್ಟ್ 7ರ ‘ನೇಚರ್’ ಪತ್ರಿಕೆಯಲ್ಲಿ ಮೂರೆಳೆಯ ಕಟ್ಟು ಪ್ರಕಟವಾಯಿತು. 1955ರ ಸೆಪ್ಟೆಂಬರಿನಲ್ಲಿ ಅದನ್ನು ತಿದ್ದಿ, ಮೂರೂ ಎಳೆ ಒಂದರ ಸುತ್ತ ಒಂದು ಹೊಸೆದುಕೊಂಡಿವೆ ಅಂತ ಬರೆದರು. ತೆಂಗಿನ ನಾರಿನ ಹಗ್ಗ ಹೊಸೆದವರಿಗೆ ಇದರ ಗುಟ್ಟು ಗೊತ್ತು. ಒಂದೊಂದು ಎಳೆಗೆ ಒಂದು ಕಡೆ ತಿರುವು ಕೊಟ್ಟರೆ, ಮೂರೂ ಸೇರಿಸುವಾಗ ತಿರುವು ಎದುರು ಕಡೆಗೆ ಕೊಡಬೇಕು. ಆಗಲೇ ಹುರಿ ನಿಲ್ಲೋದು, ಇಲ್ಲವಾದರೆ ಬಿಚ್ಚಿಕೊಳ್ಳುತ್ತೆ. ತೊಗಲಿನೊಳಗೂ ಹಾಗೇ: ಒಂದೊಂದು ಎಳೆ ಎಡಕ್ಕೆ, ಒಟ್ಟು ಹಗ್ಗ ಬಲಕ್ಕೆ. ಮನುಷ್ಯ ಹಗ್ಗ ಹೊಸೆಯೋದಕ್ಕೆ ಕೋಟಿ ವರ್ಷ ಮೊದಲೇ ಪ್ರಕೃತಿ ಹೊಸೆದಿಟ್ಟಿತ್ತು.

ದೊಡ್ಡವರ ಆಕ್ಷೇಪಣೆ

ಆದರೆ ಸುಮ್ಮನೆ ಒಪ್ಪಿಗೆ ಸಿಗಲಿಲ್ಲ. 1955ರಲ್ಲೇ ಕೇಂಬ್ರಿಜ್‌ನ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ತಮ್ಮದೊಂದು ಮಾದರಿ ತಂದರು. ಡಿಎನ್‌ಎ ಕಟ್ಟು ಕಂಡುಹಿಡಿದ ಜೋಡಿಯಲ್ಲಿ ಒಬ್ಬರು ಈ ಕ್ರಿಕ್. ಹೊಸೆದ ಮೂರೆಳೆ ಅನ್ನೋದನ್ನು ಅವರೂ ಇಟ್ಟುಕೊಂಡರು. ಆದರೆ ರಾಮಚಂದ್ರನ್ ಮಾದರಿಯಲ್ಲಿ ಕೆಲವು ಪರಮಾಣುಗಳು ಅತಿ ಹತ್ತಿರ ಒತ್ತಿಕೊಂಡಿವೆ, ಮೂರು ಹೂವಿಗೆ ಎರಡು ಹೈಡ್ರೋಜನ್ ಬಂಧ ಸಾಧ್ಯವಿಲ್ಲ, ಒಂದೇ ಇರೋದು, ಅಂತ ಆಕ್ಷೇಪಣೆ ಎತ್ತಿದರು. ಜಗತ್ತು ಕೇಂಬ್ರಿಜ್ ಮಾತಿಗೆ ಕಿವಿಗೊಟ್ಟಷ್ಟು ಮದರಾಸಿನ ಮಾತಿಗೆ ಕೊಡದ ಕಾಲ. ಮೂರೆಳೆಯ ಯೋಚನೆ ಮೊದಲು ಬಂದದ್ದು ಇಲ್ಲಿಂದ ಅನ್ನೋದೇ ಮಸುಕಾಗುವ ಹಾಗಿತ್ತು.

ಕಾಲ ತೀರ್ಪು ಕೊಟ್ಟದ್ದು ಹೀಗೆ. ಮೂರೆಳೆಯ ಹಗ್ಗ ನಿಂತಿತು. ನೇರವಾದ ಬಂಧ ಒಂದೇ ಅನ್ನೋದು ಕ್ರಿಕ್ ಕಡೆಗೆ ಬಂತು. 1968ರಲ್ಲಿ ರಾಮಚಂದ್ರನ್ ಇನ್ನೊಂದು ಬಂಧ ನೀರಿನ ಮೂಲಕ ಇರಬಹುದು ಅಂದರು. 1994ರಲ್ಲಿ ಹರಳಿನ ಚಿತ್ರದಲ್ಲಿ ಈ ಹಗ್ಗದ ಸುತ್ತ ನೀರಿನ ಅಣುಗಳು ಸಾಲುಗಟ್ಟಿ ಆಧಾರವಾಗಿ ನಿಂತಿರೋದು ಕಂಡಿತು. ಗ್ಲೈಸಿನ್ ಮಾತಂತೂ ಪೂರ್ತಿ ಗೆದ್ದಿತು. ಕರುವಿನ ತೊಗಲಿನ ಕೊಲಾಜೆನ್ ಎಳೆಯನ್ನು ತುಂಡು ಮಾಡಿ, ಎಡ್ಮನ್ ಉಪಾಯದಿಂದ ಒಂದೊಂದೇ ಹೂ ಕಿತ್ತು ಓದಿದ ಕೆಲಸ 1970ರ ದಶಕದಲ್ಲಿ ಒಂದು ಹಂತಕ್ಕೆ ಬಂತು. ಆ ಸಾವಿರದ ಸಾಲಿನಲ್ಲಿ ಪ್ರತಿ ಮೂರನೆಯದೂ ಗ್ಲೈಸಿನ್. ಇಪ್ಪತ್ತು ವರ್ಷ ಮೊದಲು ಬರೀ ಎಣಿಕೆಯಿಂದ ಹೇಳಿದ್ದ ಮಾತು ಅಕ್ಷರಶಃ ನಿಜವಾಯಿತು.

ಇದು ಪಂಡಿತರ ಜಗಳ, ನಮಗೇನು ಅನ್ನಬೇಡಿ. ಮೂಳೆಯ ಕೊಲಾಜೆನ್‌ನಲ್ಲಿ ಒಂದೇ ಒಂದು ಗ್ಲೈಸಿನ್ ಜಾಗಕ್ಕೆ ಬೇರೆ ಹೂ ಬಂದು ಕೂತರೆ, ಕೂಸು ಮುಟ್ಟಿದರೆ ಮುರಿಯುವ ಮೂಳೆಯಿಂದ ನರಳಬಹುದು. ಹೈಡ್ರಾಕ್ಸಿಪ್ರೋಲಿನ್ ತಯಾರಾಗಲು ಸಿ ಜೀವಸತ್ವ ಬೇಕು, ಅದು ಸಿಗದಿದ್ದರೆ ಹಗ್ಗ ಸಡಿಲವಾಗಿ ವಸಡಿನಲ್ಲಿ ರಕ್ತ ಬರುತ್ತದೆ. ನೆಲ್ಲಿಕಾಯಿ, ನಿಂಬೆಹಣ್ಣು ತಿನ್ನಬೇಕು ಅಂತ ಹಿರಿಯರು ಹೇಳಿದ್ದಕ್ಕೆ ಇಲ್ಲಿ ಅರ್ಥ ಸಿಗುತ್ತದೆ. ಹಿಂದಿನವರು ತಂಗಡಿ ಗಿಡದ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು, ತೆಲುಗರ ತಂಗೇಡು, ತಮಿಳರ ಆವಾರಂ. ಆ ಒಗರು ಈ ಎಳೆಗಳ ನಡುವೆ ಹೊಕ್ಕು ಬೆಸೆದು ಕೊಳೆಯದಂತೆ ಕಾಪಾಡುತ್ತಿತ್ತು. ಆಮೇಲೆ ಕ್ರೋಮ್ ಬಂತು, ಜೊತೆಗೆ ಬಾವಿ ಕೆಡುವ ತಾಪತ್ರಯವೂ ಬಂತು. ಟ್ಯಾನರಿ ಕೊಳೆನೀರಿನ ಬಗ್ಗೆ ಸುಪ್ರೀಂ ಕೋರ್ಟು 1996ರಲ್ಲಿ ಕೊಟ್ಟ ತೀರ್ಪಿನಲ್ಲಿ ದಿಂಡಿಗಲ್ಲು ಜಿಲ್ಲೆಯೂ ಇತ್ತು. ವ್ಯಾಪಾರವೂ ಉಳಿಯಬೇಕು, ರೈತನ ಬಾವಿಯೂ ಉಳಿಯಬೇಕು ಅಂದರೆ ತೊಗಲಿನೊಳಗೆ ಏನಿದೆ ಅಂತ ತಿಳಿದೇ ದಾರಿ ಹುಡುಕಬೇಕು.

ಸೋಲಿನಿಂದ ಬಂದ ನಕ್ಷೆ

ಆಕ್ಷೇಪಣೆಗೆ ರಾಮಚಂದ್ರನ್ ಬಾಯಿಮಾತಿನ ಉತ್ತರ ಕೊಡಲಿಲ್ಲ. ಪರಮಾಣುಗಳು ಎಷ್ಟು ಹತ್ತಿರ ಬರಬಹುದು, ಎಷ್ಟು ಬರಬಾರದು, ಇದನ್ನೇ ಮೊದಲು ಗಟ್ಟಿ ಮಾಡಿಕೊಳ್ಳೋಣ ಅಂತ ಹೊರಟರು. ಆವರೆಗೆ ಹರಳುಗಳಲ್ಲಿ ಅಳೆದಿದ್ದ ದೂರಗಳನ್ನೆಲ್ಲ ಕಲೆಹಾಕಿದರು. ಜೊತೆಗೆ ಇದ್ದವರು ಶಿಷ್ಯರಾದ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್. ಇವತ್ತಿನ ಕಂಪ್ಯೂಟರ್ ಅವರಿಗೆ ಇರಲಿಲ್ಲ, ಮೇಜಿನ ಮೇಲಿನ ಲೆಕ್ಕದ ಯಂತ್ರ ತಿರುವಿಯೇ ಗುಣಾಕಾರ ಭಾಗಾಕಾರ.

ಪ್ರೋಟೀನಿನ ಪ್ರತಿ ಕೊಂಡಿಯಲ್ಲಿ ತಿರುಗುವ ಕೀಲು ಎರಡು. ಒಂದೊಂದೂ ಸುತ್ತ 360 ಡಿಗ್ರಿ ತಿರುಗಬಹುದು ಅಂತ ಮೇಲ್ನೋಟಕ್ಕೆ ಕಾಣುತ್ತೆ. ಆದರೆ ತಿರುಗಿಸಿದಾಗ ಒಂದು ಪರಮಾಣು ಇನ್ನೊಂದಕ್ಕೆ ಡಿಕ್ಕಿ ಹೊಡೆದರೆ ಆ ಕೋನ ಕೂಡದು. ದಿಂಡಿಗಲ್ಲು ಬೀಗದೊಳಗೆ ಕೀಲಿಕೈ ಎಲ್ಲ ಕಡೆ ತಿರುಗೋಲ್ಲವಲ್ಲ, ಹಾಗೆ. ಎರಡು ಕೋನಗಳನ್ನು ಎರಡು ಬದಿಗೆ ಇಟ್ಟು ಒಂದು ಚೌಕ ಬರೆದು, ಎಲ್ಲಿ ಆಗುತ್ತದೆ, ಎಲ್ಲಿ ಆಗೋಲ್ಲ ಅಂತ ಗೆರೆ ಹಾಕಿದರು. ಚೌಕದ ಮುಕ್ಕಾಲು ಪಾಲಿಗೂ ಹೆಚ್ಚು ಜಾಗ ನಿಷಿದ್ಧ. ಹುಲ್ಲುಗಾವಲಿನ ಸರ್ವೆ ನಕ್ಷೆಯಲ್ಲಿ ಉಳುವ ಭೂಮಿ ಎರಡು ಮೂರು ತುಣುಕು ಇದ್ದ ಹಾಗೆ. ಇಲ್ಲೂ ಗ್ಲೈಸಿನ್‌ಗೆ ಮಾತ್ರ ರಿಯಾಯಿತಿ. ಚಿಕ್ಕದಾದ್ದರಿಂದ ಬೇರೆಯವು ಹೋಗಲಾರದ ಕೋನಕ್ಕೂ ಅದು ಹೋಗುತ್ತದೆ.

1963ರಲ್ಲಿ ಇದು ಅಚ್ಚಾಯಿತು. ‘ರಾಮಚಂದ್ರನ್ ನಕ್ಷೆ’ ಅಂತ ಹೆಸರಾಯಿತು. ಆಗ ಪೂರ್ತಿ ಕಟ್ಟು ತಿಳಿದಿದ್ದ ಪ್ರೋಟೀನುಗಳು ಬೆರಳೆಣಿಕೆ. ಇವತ್ತು ಲಕ್ಷಗಟ್ಟಲೆ. ಯಾವ ದೇಶದವರೇ ಹೊಸ ಪ್ರೋಟೀನಿನ ಕಟ್ಟು ತಂದರೂ ಮೊದಲು ಈ ನಕ್ಷೆಯ ಮೇಲಿಟ್ಟು ನೋಡುತ್ತಾರೆ. ಚುಕ್ಕಿಗಳು ನಿಷಿದ್ಧ ಜಾಗದಲ್ಲಿ ಬಿದ್ದರೆ ಎಲ್ಲೋ ತಪ್ಪಿದೆ ಅಂತ ಅರ್ಥ. ಹೂವಿನ ವರಸೆ ಕೊಟ್ಟರೆ ಸಾಕು, ಕಟ್ಟನ್ನು ಕಂಪ್ಯೂಟರೇ ಹೇಳುವ ಕಾಲವೂ ಬಂದಿದೆ. ಆ ಕೆಲಸಕ್ಕೆ 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಅದು ಹೇಳಿದ್ದನ್ನು ಒರೆಹಚ್ಚುವಾಗಲೂ ಮದರಾಸಿನ ಈ ನಕ್ಷೆ ಬೇಕೇ ಬೇಕು.

ಮತ್ತೆ ಬೆಂಗಳೂರು

1969ರಲ್ಲಿ ಮುದಲಿಯಾರ್ ಉಪಕುಲಪತಿ ಸ್ಥಾನ ಬಿಟ್ಟರು. ಆಸರೆಯಾಗಿದ್ದ ಮರ ಹೋದ ಮೇಲೆ ರಾಮಚಂದ್ರನ್ ಮನಸ್ಸೂ ಮದರಾಸಿನಲ್ಲಿ ನಿಲ್ಲಲಿಲ್ಲ. ಷಿಕಾಗೋಗೆ ಹೋಗಿ ಬರುತ್ತಿದ್ದವರನ್ನು ಬೆಂಗಳೂರಿನ ಸಂಸ್ಥೆಯ ನಿರ್ದೇಶಕ ಸತೀಶ್ ಧವನ್ ಕರೆದು, ಜೀವಿಗಳ ಅಣುಗಳನ್ನು ಭೌತಶಾಸ್ತ್ರದಿಂದ ಓದುವ ಹೊಸ ವಿಭಾಗ ಕಟ್ಟಲು ಕೊಟ್ಟರು. ಎಲೆಕ್ಟ್ರಿಕಲ್ ವಿಭಾಗದ ಹುಡುಗನಾಗಿ ಕಾಲಿಟ್ಟ ಅದೇ ಆವರಣದಲ್ಲಿ 1970ರ ದಶಕದ ಶುರುವಿನಲ್ಲಿ ಅವರು ಕಟ್ಟಿದ ಆ ವಿಭಾಗ ಇವತ್ತೂ ನಡೆಯುತ್ತಿದೆ.

1971ರಲ್ಲಿ ಎ.ವಿ. ಲಕ್ಷ್ಮೀನಾರಾಯಣನ್ ಜೊತೆ ಇನ್ನೊಂದು ಕೆಲಸ ಮಾಡಿದರು. ಬೇರೆ ಬೇರೆ ಕೋನದಿಂದ ತೆಗೆದ ಎಕ್ಸ್‌ರೇ ನೆರಳುಗಳನ್ನು ಸೇರಿಸಿ ಒಳಗಿನ ಚಿತ್ರ ಕಟ್ಟುವ ಸುಲಭವಾದ ಲೆಕ್ಕ ಅದು. ಮದುರೆಯ ಆಸ್ಪತ್ರೆಯಲ್ಲಿ ತಲೆಗೆ ಪೆಟ್ಟು ಬಿದ್ದವರಿಗೆ ತೆಗೆಯುವ ಸಿ.ಟಿ. ಸ್ಕ್ಯಾನ್ ಹಿಂದೆ ಇಂಥ ಲೆಕ್ಕ ಕೂತಿದೆ. ಬಿಲ್ಲು ಕಟ್ಟುವವರಿಗೆ ಅದು ಗೊತ್ತಿರೋಲ್ಲ, ಅಷ್ಟೆ.

1961ರಲ್ಲಿ ಭಟ್ನಾಗರ್ ಪ್ರಶಸ್ತಿ, 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 1999ರಲ್ಲಿ ಹರಳುಶಾಸ್ತ್ರದ ದೊಡ್ಡ ಗೌರವವಾದ ಎವಾಲ್ಡ್ ಬಹುಮಾನ ಬಂದವು. ನೊಬೆಲ್ ಬರಲಿಲ್ಲ. ಕೊನೆಗಾಲದಲ್ಲಿ ಅವರ ಮನಸ್ಸು ತರ್ಕಶಾಸ್ತ್ರದ ಕಡೆ ತಿರುಗಿತ್ತು. ಜೈನರ ಸ್ಯಾದ್ವಾದವನ್ನು ಗಣಿತದಲ್ಲಿ ಹಿಡಿಯುವ ಪ್ರಯತ್ನ ಮಾಡಿದರು. ಆಮೇಲೆ ಪಾರ್ಕಿನ್ಸನ್ ಕಾಯಿಲೆ ಹಿಡಿಯಿತು. ಅಂಗೈಯಷ್ಟು ಕಾಗದದಲ್ಲಿ ಪರಮಾಣುಗಳ ದೂರ ಅಳೆದ ಕೈ ನಡುಗತೊಡಗಿತು. 1945ರಲ್ಲಿ ಕೈಹಿಡಿದಿದ್ದ ರಾಜಲಕ್ಷ್ಮಿ 1998ರಲ್ಲಿ ತೀರಿಕೊಂಡರು. ಆ ಪೆಟ್ಟಿನಿಂದ ಅವರು ಚೇತರಿಸಿಕೊಳ್ಳಲಿಲ್ಲ. 2001ರ ಏಪ್ರಿಲ್ 7ರಂದು ಚೆನ್ನೈನಲ್ಲಿ ಕಣ್ಣು ಮುಚ್ಚಿದರು.

ನಮ್ಮ ಕಡೆ ಹುಡುಗರು ವಿಜ್ಞಾನ ಅಂದರೆ ಅದು ದೊಡ್ಡ ದೇಶದ್ದು, ದೊಡ್ಡ ಯಂತ್ರದ್ದು ಅಂದುಕೊಳ್ಳುತ್ತಾರೆ. ರಾಮಚಂದ್ರನ್ ಹಿಡಿದದ್ದು ಟ್ಯಾನರಿಯ ತೊಟ್ಟಿಯಲ್ಲಿ ನೆನೆಯುವ ತೊಗಲನ್ನು. ಹೂವು ಎಣಿಸಿ ವರಸೆ ಹೇಳಿದರು, ತಪ್ಪು ತೋರಿಸಿದವರ ಮೇಲೆ ಮುನಿಯದೆ ಆ ತಪ್ಪಿನ ಬುಡ ಅಗೆದು ಅದಕ್ಕಿಂತ ದೊಡ್ಡದನ್ನು ತೆಗೆದರು. ತೇನಿ, ದಿಂಡಿಗಲ್ಲಿನ ಶಾಲೆಗಳಲ್ಲಿ ಕುಳಿತಿರುವ ರೈತರ ಮಕ್ಕಳು, ತೊಗಲು ವ್ಯಾಪಾರಿಗಳ ಮಕ್ಕಳು ಈ ಹೆಸರು ಕೇಳಿರಬೇಕು. ಮನೆಯ ಕೊಟ್ಟಿಗೆಯಲ್ಲಿ ಕಟ್ಟಿದ ಹಸುವಿನ ಮೈಮೇಲೆ ಕೈಯಾಡಿಸುವಾಗ, ಆ ಚರ್ಮದೊಳಗೆ ಮೂರೆಳೆಯ ಹಗ್ಗಗಳು ಕೋಟಿಗಟ್ಟಲೆ ಹೊಸೆದುಕೊಂಡಿವೆ, ಅದನ್ನು ಕಂಡವರು ನಮ್ಮವರೇ ಅನ್ನೋದು ಅವರಿಗೆ ತಿಳಿದಿರಲಿ.